ಹತ್ತುವ ಮುನ್ನ: ಛಾವಣಿಯ ಕೆಲಸದಲ್ಲಿ ಬೀಳದಿರುವ ಬಗೆ

ಘಣಸೋಲಿ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ಮುಖ ಮಾಡಿದರೆ ಠಾಣೆ-ಬೇಲಾಪುರ ರಸ್ತೆಯಾಚೆ ಎಂ.ಐ.ಡಿ.ಸಿ. ಕಾರ್ಖಾನೆಗಳ ಪತ್ರಾ ಛಾವಣಿಗಳು ಸಾಲಾಗಿ ಕಾಣುತ್ತವೆ. ಪಶ್ಚಿಮಕ್ಕೆ ತಿರುಗಿದರೆ ಸಿಡ್ಕೋದ ನಿವೇಶನಗಳಲ್ಲಿ, ಖಾಡಿಯ ಕಡೆಗೆ, ಮಹಡಿಯ ಮೇಲೆ ಮಹಡಿ ಏಳುತ್ತಿರುವುದು ಕಾಣುತ್ತದೆ. ಈ ಎರಡು ಕಡೆಗಳಲ್ಲಿಯೂ ಎತ್ತರದಲ್ಲಿ ನಿಂತು ದುಡಿಯುವವರಲ್ಲಿ ನಮ್ಮವರು ಅನೇಕರಿದ್ದಾರೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಹೊರಟು ಬಂದವರು ಕೆಲವರು. ಅವರ ಹಿಂದೆ ಬಂದ ತಮ್ಮಂದಿರು, ಅಳಿಯಂದಿರು ಕೆಲವರು. ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ನೋಡಲು ಬರುವವರಲ್ಲಿ ಸೆಂಟ್ರಿಂಗ್ ಕೆಲಸದವರು, ಪತ್ರಾ ಹೊದಿಸುವವರು, ವಾಟರ್‌ಪ್ರೂಫಿಂಗ್ ಮಾಡುವವರು, ಬಣ್ಣದವರು ಇದ್ದಾರೆ. ಅವರ ಹಾಜರಿ ಬರೆಯುವ, ಸಾಮಾನಿನ ಲೆಕ್ಕವಿಡುವ ಗುಮಾಸ್ತರೂ ಇದ್ದಾರೆ. ಈ ಲೇಖನ ಇಬ್ಬರಿಗೂ ಸಂಬಂಧಪಟ್ಟದ್ದು.

ಎತ್ತರದಿಂದ ಒಬ್ಬನು ಬಿದ್ದನೆಂಬ ಸುದ್ದಿ ಬಂದಾಗ ನಾವು ಸಾಮಾನ್ಯವಾಗಿ ಎರಡು ಮಾತುಗಳನ್ನು ಕೇಳುತ್ತೇವೆ. ಒಂದು: "ಅವನ ಹಣೆಯಲ್ಲಿ ಬರೆದದ್ದು." ಇನ್ನೊಂದು: "ನೋಡಿ ನಡೆಯಬಾರದಿತ್ತೇ?" ಒಂದು ಮಾತು ತಪ್ಪನ್ನು ದೇವರ ಮೇಲೆ ಹೊರಿಸುತ್ತದೆ, ಇನ್ನೊಂದು ಬಿದ್ದವನ ಮೇಲೆಯೇ ಹೊರಿಸುತ್ತದೆ. ವಿಚಾರ ಮಾಡಿ ನೋಡಿದರೆ ಎರಡೂ ಸರಿಯಲ್ಲ. ಕಾಲು ಎಲ್ಲರದೂ ಜಾರುತ್ತದೆ. ನೆಲದ ಮೇಲೆ ಜಾರಿದವನು ಮಣ್ಣು ಕೊಡವಿಕೊಂಡು ಏಳುತ್ತಾನೆ. ಛಾವಣಿಯ ಮೇಲೆ ಜಾರಿದವನೂ ಹಾಗೆಯೇ ಏಳಬೇಕಾದರೆ, ಅವನು ಹತ್ತುವುದಕ್ಕೆ ಮೊದಲೇ ಅಂಚಿಗೆ ಕಟಾಂಜನ ಕಟ್ಟಿರಬೇಕು, ಕಿಂಡಿಗೆ ಮುಚ್ಚಳ ಹಾಕಿರಬೇಕು, ಪತ್ರಾದ ಮೇಲೆ ಹಲಗೆ ಹಾಸಿರಬೇಕು. ಬೀಳುವುದನ್ನು ತಪ್ಪಿಸುವ ಕೆಲಸವೆಲ್ಲ ಹತ್ತುವ ಮುನ್ನವೇ ಆಗಬೇಕಾದದ್ದು. ಹತ್ತಿದ ಮೇಲೆ ಉಳಿಯುವುದು ಎಚ್ಚರವೊಂದೇ. ಎಚ್ಚರವಾದರೋ ಬಿಸಿಲಿಗೆ, ದಣಿವಿಗೆ, ಹಸಿವಿಗೆ ಕರಗುವಂಥದು.

ಬೀಳುವುದಕ್ಕೆ ಎಷ್ಟು ಹೊತ್ತು?

"ಜಾರಿದರೆ ಏನನ್ನಾದರೂ ಹಿಡಿದುಕೊಳ್ಳುತ್ತೇನೆ" ಎಂದು ಹೇಳುವ ಧೈರ್ಯಶಾಲಿಗಳು ಎಲ್ಲ ಸೈಟುಗಳಲ್ಲಿಯೂ ಇರುತ್ತಾರೆ. ಅವರಿಗಾಗಿ ಇಲ್ಲೊಂದು ಚಿಕ್ಕ ಲೆಕ್ಕ. ಮೆಟ್ರಿಕ್ಕಿನ ಪುಸ್ತಕದ ಗಣಿತದಿಂದಲೇ ಇದನ್ನು ಮಾಡಬಹುದು. ಮೂರು ಮೀಟರ್ ಎತ್ತರದಿಂದ, ಎಂದರೆ ಒಂದು ಅಂತಸ್ತಿನಷ್ಟು ಎತ್ತರದಿಂದ, ಬಿದ್ದ ವಸ್ತು ನೆಲ ಮುಟ್ಟಲು ಒಂದು ಸೆಕೆಂಡೂ ಬೇಕಾಗಿಲ್ಲ. ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಆ ಕ್ಷಣದಲ್ಲಿ ಅದರ ವೇಗ ಗಂಟೆಗೆ ಸುಮಾರು ೨೮ ಕಿಲೋಮೀಟರ್. ಆರು ಮೀಟರ್ ಎತ್ತರದ ಶೆಡ್ಡಿನಿಂದ ಬಿದ್ದರೆ ಹಿಡಿಯುವ ಕಾಲ ೧.೧ ಸೆಕೆಂಡು, ವೇಗ ೩೯ ಕಿಲೋಮೀಟರ್. ಹತ್ತು ಮೀಟರಿನಿಂದಾದರೆ ಕಾಲ ೧.೪ ಸೆಕೆಂಡು, ವೇಗ ೫೦ ಕಿಲೋಮೀಟರ್. ಐವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಮೋಟಾರಿಗೆ ಎದುರು ನಿಂತವನ ಗತಿ ಏನೆಂಬುದು ನಮಗೆಲ್ಲ ಗೊತ್ತು. ಮೂರು ಮಹಡಿಯಿಂದ ಬೀಳುವವನ ಗತಿಯೂ ಅದೇ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತವೆ. ಮೊದಲನೆಯದು, ಬೀಳತೊಡಗಿದ ಮೇಲೆ ಬುದ್ಧಿ ಓಡಿಸಲು ಸಮಯವಿರುವುದಿಲ್ಲ. ಎರಡನೆಯದು, ಕಡಿಮೆ ಎತ್ತರವೆಂದು ಅಸಡ್ಡೆ ಮಾಡತಕ್ಕದ್ದಲ್ಲ. ಇಪ್ಪತ್ತನೆಯ ಮಹಡಿಯಲ್ಲಿ ಹೆದರಿಕೆಯಿಂದಾದರೂ ಬೆಲ್ಟು ಕಟ್ಟುವವನು, ಹತ್ತು ಅಡಿಯ ಪತ್ರಾ ಶೆಡ್ಡನ್ನು ಬರಿಮೈಯಲ್ಲಿ ಹತ್ತುತ್ತಾನೆ. ತಲೆ ಕೆಳಗಾಗಿ ಬಿದ್ದರೆ ಹತ್ತು ಅಡಿಯೇ ಸಾಕು.

ಬೀಳುವ ಸ್ಥಳಗಳು ಮೂರು

ಛಾವಣಿಯೆಂದರೆ ವಿಶಾಲವಾದ ಬಯಲಿನಂತೆ ಕಾಣುತ್ತದೆ. ಎಲ್ಲಿ ಬೇಕಾದರೂ ಬೀಳಬಹುದೆಂದು ತೋರುತ್ತದೆ. ನಿಜವಾಗಿ ಬೀಳುವ ಸ್ಥಳಗಳು ಮೂರೇ: ಅಂಚು, ಕಿಂಡಿ, ಮತ್ತು ಭಾರ ತಾಳದ ಪತ್ರಾ. ಶತ್ರು ಬರುವ ದಾರಿ ಮೂರೇ ಇದ್ದರೆ ಕಾವಲು ಹಾಕುವುದು ಕಷ್ಟವಲ್ಲ.

ಅಂಚು. ನಮ್ಮ ಊರಿನ ಮಣ್ಣಿನ ಮಾಳಿಗೆಗೆ ಕುಂಬಿ ಕಟ್ಟುತ್ತಿದ್ದರು. ಬೇಸಿಗೆಯ ರಾತ್ರಿ ಮಕ್ಕಳು ಮಾಳಿಗೆಯ ಮೇಲೆ ಮಲಗಿದರೆ ಹೊರಳಿ ಬೀಳದಿರಲೆಂದು ಹಿರಿಯರು ಮಾಡಿದ ಏರ್ಪಾಡು ಅದು. ಹೊಸದಾಗಿ ಸ್ಲ್ಯಾಬು ಹಾಕಿದ ಮಹಡಿಗೆ ಕುಂಬಿ ಇರುವುದಿಲ್ಲ. ಗೋಡೆ ಏಳುವವರೆಗೆ ಅಲ್ಲಿ ತಾತ್ಕಾಲಿಕ ಕಟಾಂಜನ ಬೇಕು: ಸೊಂಟದ ಮಟ್ಟಕ್ಕೆ, ಸುಮಾರು ಒಂದು ಮೀಟರ್ ಎತ್ತರದಲ್ಲಿ, ಒಂದು ಅಡ್ಡ ಪೈಪು, ಅದರ ಅರ್ಧಕ್ಕೆ ಇನ್ನೊಂದು, ಕೆಳಗೆ ಕಾಲು ಜಾರದಂತೆ, ಇಟ್ಟಿಗೆ ಚೂರು ಉರುಳಿ ಕೆಳಗಿನವರ ತಲೆಗೆ ಬೀಳದಂತೆ, ಸುಮಾರು ೧೫ ಸೆಂಟಿಮೀಟರಿನ ಒಂದು ನಿಲುವು ಹಲಗೆ. ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಲೂ ಎಳೆದು "ಬೇಲಿ ಆಯಿತು" ಎನ್ನುವವರಿದ್ದಾರೆ. ಆ ಪಟ್ಟಿ ಕಣ್ಣಿಗೆ ಎಚ್ಚರಿಕೆಯೇ ಹೊರತು ಮೈಗೆ ಆಸರೆಯಲ್ಲ. ಕಟಾಂಜನವೆಂದರೆ ಮನುಷ್ಯ ಒರಗಿ ಬಿದ್ದರೂ ತಡೆಯುವಂಥದು.

ಕಿಂಡಿ. ವಿಜಯಪುರದ ಕಡೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಮಳೆ ಬಂದಾಗ ಅದರ ಮೇಲೆ ಮುಚ್ಚಳವಿಡುತ್ತಾರೆ. ಕಟ್ಟುತ್ತಿರುವ ಕಟ್ಟಡದಲ್ಲಿ ಇಂಥ ಕಿಂಡಿಗಳು ಹತ್ತಾರು: ಲಿಫ್ಟಿನ ಬಾವಿ, ಪೈಪು ಇಳಿಸುವ ಡಕ್ಟು, ಸಾಮಾನು ಮೇಲೆತ್ತಲು ಬಿಟ್ಟ ತೂತು. ಇವುಗಳಲ್ಲಿ ಅತ್ಯಂತ ಅಪಾಯದ್ದು ತೆರೆದ ಕಿಂಡಿಯಲ್ಲ, ಸಡಿಲವಾದ ಪ್ಲೈವುಡ್ ತುಂಡೊಂದನ್ನು ಮೇಲಿಟ್ಟ ಕಿಂಡಿ. ತೆರೆದದ್ದು ಕಣ್ಣಿಗೆ ಕಾಣುತ್ತದೆ. ಮುಚ್ಚಿದ್ದನ್ನು ಒಬ್ಬನು ಹಲಗೆ ಬೇಕೆಂದು ಎತ್ತಿಕೊಂಡು ಎರಡು ಹೆಜ್ಜೆ ಮುಂದಿಟ್ಟರೆ, ಹಲಗೆಯ ಸಮೇತ ಒಳಗೆ ಹೋಗುತ್ತಾನೆ. ಆದುದರಿಂದ ಮುಚ್ಚಳವು ಗಟ್ಟಿಯಾಗಿರಬೇಕು, ಅಲುಗದಂತೆ ಮೊಳೆ ಹೊಡೆದು ಕೂರಿಸಿರಬೇಕು, ಮತ್ತು ಅದರ ಮೇಲೆ ಬಣ್ಣದಲ್ಲಿ "ಕಿಂಡಿ", "ಗಡ್ಡಾ" ಎಂದು ದೊಡ್ಡದಾಗಿ ಬರೆದಿರಬೇಕು. ಓದುಬಾರದವನಿಗೆ ಕೆಂಪು ಕತ್ತರಿ ಗುರುತು ಸಾಕು.

ಪತ್ರಾ. ಇದು ಮೂರರಲ್ಲಿ ಮೋಸದ್ದು. ಸಿಮೆಂಟ್ ಪತ್ರಾ ನೋಡಲು ಗಟ್ಟಿ, ಕೈಯಿಂದ ಬಡಿದರೆ ಗಟ್ಟಿ. ಮನುಷ್ಯನ ಭಾರವೆಲ್ಲ ಒಂದು ಹಿಮ್ಮಡಿಯ ಮೇಲೆ ಬಿದ್ದಾಗ ಮಾತ್ರ ಸದ್ದಿಲ್ಲದೆ ಒಡೆದು ದಾರಿ ಬಿಡುತ್ತದೆ. ಹತ್ತಿಪ್ಪತ್ತು ವರ್ಷ ಬಿಸಿಲು ಮಳೆ ಉಂಡ ಪತ್ರಾ ಇನ್ನೂ ಪುಡಿಪುಡಿ. ಶೆಡ್ಡಿನೊಳಗೆ ಬೆಳಕು ಬರಲೆಂದು ನಡುನಡುವೆ ಹಾಕಿದ ಅರೆಪಾರದರ್ಶಕ ಷೀಟುಗಳಂತೂ ಧೂಳು, ಪಾಚಿ ಹಿಡಿದು ಉಳಿದವುಗಳ ಬಣ್ಣಕ್ಕೇ ತಿರುಗಿರುತ್ತವೆ. ಮೇಲೆ ನಿಂತವನಿಗೆ ಯಾವುದು ಬೆಳಕಿನ ಷೀಟು, ಯಾವುದು ಸಾದಾ ಎಂದು ಗೊತ್ತೇ ಆಗುವುದಿಲ್ಲ. ಒಳಗಿನಿಂದ ನೋಡಿದರೆ ಮಾತ್ರ ಸ್ಪಷ್ಟ. ಆದುದರಿಂದ ಹತ್ತುವ ಮುನ್ನ ಶೆಡ್ಡಿನೊಳಗೆ ಹೋಗಿ ಮೇಲೆ ನೋಡಿ, ಬೆಳಕಿನ ಷೀಟುಗಳನ್ನು ಎಣಿಸಿ, ಎಷ್ಟನೆಯ ಸಾಲಿನಲ್ಲಿವೆಯೆಂದು ಗುರುತಿಟ್ಟುಕೊಳ್ಳುವುದು ಒಳ್ಳೆಯದು.

ಕರಾವಳಿಯಿಂದ ಬಂದವರಿಗೆ ಮಂಗಳೂರು ಹೆಂಚಿನ ಮಾಡು ಹತ್ತಿ ಅಭ್ಯಾಸ. ಹೆಂಚಿನ ನಡುವೆ ಕಾಲಿಡದೆ, ಕೆಳಗೆ ಪಕಾಸು ಇರುವ ಕಡೆ ನೋಡಿ ಹೆಜ್ಜೆಯಿಡುವುದು ಅಲ್ಲಿಯ ಜಾಣತನ. ಅದೇ ಜಾಣತನವನ್ನು ಇಲ್ಲಿ ಪತ್ರಾದ ಮೇಲೆ ತೋರಿಸುತ್ತಾರೆ. ಬೋಲ್ಟುಗಳ ಸಾಲಿನ ಕೆಳಗೆ ಕಬ್ಬಿಣದ ಪಟ್ಟಿಯಿರುವುದರಿಂದ ಆ ಸಾಲಿನ ಮೇಲೆಯೇ ನಡೆದರಾಯಿತೆನ್ನುತ್ತಾರೆ. ಇದು ನಂಬತಕ್ಕ ಉಪಾಯವಲ್ಲ. ಕಬ್ಬಿಣದ ಪಟ್ಟಿಯ ಅಗಲ ಪಾದದಷ್ಟೂ ಇರುವುದಿಲ್ಲ. ಕೈಯಲ್ಲಿ ಹೊರೆ, ಕಣ್ಣಲ್ಲಿ ಬೆವರು, ಎದುರಿಗೆ ಗಾಳಿ ಇರುವಾಗ ನೂರು ಹೆಜ್ಜೆಗಳಲ್ಲಿ ಒಂದು ತಪ್ಪಿದರೆ ಸಾಕು. ಸರಿಯಾದ ಉಪಾಯ ಹಲಗೆ ಹಾಸುವುದು. ಒಂದೂವರೆ ಅಡಿ ಅಗಲದ, ಅಡ್ಡಪಟ್ಟಿ ಹೊಡೆದ ಹಲಗೆಯನ್ನು ಎರಡು ಮೂರು ಕಬ್ಬಿಣದ ಪಟ್ಟಿಗಳ ಮೇಲೆ ಭಾರ ಬೀಳುವಂತೆ ಹಾಸಿ, ಜಾರದಂತೆ ಹಗ್ಗದಿಂದ ಕಟ್ಟಬೇಕು. ಇಂಥ ಹಲಗೆ ಕನಿಷ್ಠ ಎರಡು ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಸರಿಸಲು. ಒಂದೇ ಹಲಗೆ ಕೊಟ್ಟರೆ ಅದನ್ನು ಸರಿಸುವಾಗ ಮನುಷ್ಯ ಪತ್ರಾದ ಮೇಲೆಯೇ ನಿಲ್ಲಬೇಕಾಗುತ್ತದೆ.

ಯಾವುದು ಮೊದಲು, ಯಾವುದು ಕೊನೆ

ಕಾಪಾಡುವ ಉಪಾಯಗಳಲ್ಲಿಯೂ ಒಂದು ಕ್ರಮವಿದೆ. ಎಲ್ಲಕ್ಕಿಂತ ಮೊದಲನೆಯದು, ಮೇಲೆ ಹೋಗದೆಯೇ ಕೆಲಸವಾಗುತ್ತದೆಯೇ ಎಂದು ಕೇಳುವುದು. ನೆಲದ ಮೇಲೆ ಕೂಡಿಸಿ ಕ್ರೇನಿನಿಂದ ಎತ್ತಬಹುದಾದದ್ದನ್ನು ಎತ್ತರದಲ್ಲಿ ಕೂತು ಕೂಡಿಸುವುದೇಕೆ? ಒಡೆದ ಪತ್ರಾವನ್ನು ಒಳಗಿನಿಂದ, ಸಾರುವೆಯ ಮೇಲೆ ನಿಂತು ಬದಲಿಸಲು ಬರುವುದಾದರೆ ಮೇಲೆ ನಡೆಯುವುದೇಕೆ? ಎರಡನೆಯದು, ಅಂಚು, ಕಿಂಡಿ, ಪತ್ರಾಗಳನ್ನು ಈಗ ಹೇಳಿದಂತೆ ಭದ್ರಪಡಿಸುವುದು. ಮೂರನೆಯದು, ಕೆಳಗೆ ಬಲೆ ಕಟ್ಟುವುದು. ನಾಲ್ಕನೆಯದು, ಕಟ್ಟಕಡೆಯದು, ಬೆಲ್ಟು. ನಮ್ಮ ಸೈಟುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಒಂದು ಬೆಲ್ಟು, ಒಂದು ಹೆಲ್ಮೆಟ್ ಕೊಟ್ಟುಬಿಟ್ಟರೆ ಜವಾಬ್ದಾರಿ ತೀರಿತೆಂದು ತಿಳಿಯುತ್ತಾರೆ. ಬೆಲ್ಟು ಒಬ್ಬನನ್ನು, ಅದೂ ಅವನು ಸರಿಯಾಗಿ ಕಟ್ಟಿದಾಗ ಮಾತ್ರ ಕಾಯುತ್ತದೆ. ಕಟಾಂಜನ ಎಲ್ಲರನ್ನೂ ಕಾಯುತ್ತದೆ, ಮರೆತವನನ್ನೂ ಕಾಯುತ್ತದೆ.

ಬಲೆಯ ವಿಷಯದಲ್ಲಿ ಜಗತ್ತೆಲ್ಲ ನೆನೆಯುವ ಒಂದು ಉದಾಹರಣೆ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯದು. ೧೯೩೩ರಲ್ಲಿ ಆರಂಭವಾಗಿ ೧೯೩೭ರಲ್ಲಿ ಮುಗಿದ ಈ ಸೇತುವೆಯ ಕೆಲಸದಲ್ಲಿ ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಅವರು ಸೇತುವೆಯ ಹಾಸಿನ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಬಿದ್ದವರಲ್ಲಿ ಹತ್ತೊಂಬತ್ತು ಮಂದಿ ಆ ಬಲೆಯಲ್ಲಿ ಸಿಕ್ಕಿ ಬದುಕಿದರು. ಆದರೆ ೧೯೩೭ರ ಫೆಬ್ರವರಿ ೧೭ರಂದು ಭಾರವಾದ ಅಟ್ಟಣೆಯೇ ಕಳಚಿ ಬಿದ್ದಾಗ ಬಲೆ ಹರಿದು ಹತ್ತು ಮಂದಿ ಸತ್ತರು. ಈ ಒಂದು ಕಥೆಯಲ್ಲಿ ಎರಡು ಪಾಠಗಳಿವೆ. ಬಲೆಗೆ ಹಾಕಿದ ಹಣ ದಂಡವಲ್ಲ. ಮತ್ತು ಬಲೆ ಇದೆಯೆಂದು ಅಟ್ಟಣೆಯ ಬೋಲ್ಟು ನೋಡದಿರುವಂತಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ೨೦೨೩ರ ಸೆಪ್ಟೆಂಬರ್ ೧೦ರಂದು ನಮ್ಮ ಪಕ್ಕದ ಠಾಣೆಯ ಬಾಲ್ಕುಮ್‌ನಲ್ಲಿ, ನಲವತ್ತು ಅಂತಸ್ತಿನ ಹೊಸ ಕಟ್ಟಡದ ಛಾವಣಿಯ ಮೇಲೆ ವಾಟರ್‌ಪ್ರೂಫಿಂಗ್ ಕೆಲಸ ಮುಗಿಸಿ ಇಳಿಯುತ್ತಿದ್ದ ಕೂಲಿಕಾರರ ಲಿಫ್ಟು ಕಳಚಿ ಬಿದ್ದು ಏಳು ಮಂದಿ ಪ್ರಾಣ ಕಳೆದುಕೊಂಡರು. ಛಾವಣಿಯ ಮೇಲೆ ಅವರಿಗೆ ಏನೂ ಆಗಲಿಲ್ಲ. ಇಳಿಯುವ ದಾರಿಯಲ್ಲಿ ಆಯಿತು. ಆದುದರಿಂದ ಛಾವಣಿಯ ಕೆಲಸವೆಂದರೆ ಹತ್ತುವ ದಾರಿ, ನಿಲ್ಲುವ ನೆಲೆ, ಇಳಿಯುವ ದಾರಿ ಮೂರೂ ಸೇರಿದ್ದೆಂದು ತಿಳಿಯಬೇಕು.

ಬೆಲ್ಟಿನ ಮಾತು

ಬೆಲ್ಟು ಕಡೆಯ ಉಪಾಯವೆಂದ ಮಾತ್ರಕ್ಕೆ ಬೇಡವೆಂದಲ್ಲ; ಸರಿಯಾದದ್ದು ಬೇಕು. ಸೊಂಟಕ್ಕೆ ಮಾತ್ರ ಸುತ್ತುವ ಹಳೆಯ ಬೆಲ್ಟಿನಲ್ಲಿ ಬಿದ್ದವನ ಭಾರವೆಲ್ಲ ಹೊಟ್ಟೆ, ಬೆನ್ನುಮೂಳೆಗಳ ಮೇಲೆ ಬಂದು ಒಳಗೆ ಪೆಟ್ಟಾಗುತ್ತದೆ. ಭುಜ, ಎದೆ, ತೊಡೆಗಳನ್ನು ಸುತ್ತುವ, ಬೆನ್ನ ಮೇಲೆ ಕೊಂಡಿಯಿರುವ ಹಾರ್ನೆಸ್ ಆಗಬೇಕು. ಕೊಳ್ಳುವಾಗ ಅದರ ಮೇಲೆ ಐ.ಎಸ್. ೩೫೨೧ ಎಂಬ ಗುರುತನ್ನೂ, ಹೆಲ್ಮೆಟಿನ ಮೇಲೆ ಐ.ಎಸ್. ೨೯೨೫ ಎಂಬ ಗುರುತನ್ನೂ ನೋಡಬೇಕು. ದಾರ ಸವೆದಿದ್ದರೆ, ಬಣ್ಣ ಅಥವಾ ಸಿಮೆಂಟು ತಾಗಿ ಪಟ್ಟಿ ಬಿರುಸಾಗಿದ್ದರೆ, ಒಮ್ಮೆ ಯಾರನ್ನಾದರೂ ಬೀಳದಂತೆ ಹಿಡಿದದ್ದಾದರೆ, ಆ ಬೆಲ್ಟನ್ನು ಮತ್ತೆ ಬಳಸಕೂಡದು.

ಬೆಲ್ಟಿಗಿಂತ ದೊಡ್ಡ ಪ್ರಶ್ನೆ, ಅದರ ಕೊಂಡಿಯನ್ನು ಎಲ್ಲಿ ಹಾಕುವುದು ಎಂಬುದು. ಬೆಲ್ಟು ತೊಟ್ಟು ಕೊಂಡಿಯನ್ನು ಜೇಬಿನ ಹತ್ತಿರ ನೇತುಹಾಕಿಕೊಂಡು ತಿರುಗುವವರು ಬಹಳ. ಅದು ಮಳೆಯಲ್ಲಿ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡಂತೆ. ಸಾರುವೆಯ ಸಡಿಲ ಪೈಪು, ನೀರಿನ ಪಿ.ವಿ.ಸಿ. ಪೈಪು, ಕಿಟಕಿಯ ಚೌಕಟ್ಟು, ಇವು ಕೊಂಡಿ ಹಾಕುವ ಜಾಗಗಳಲ್ಲ. ಕಾಂಕ್ರೀಟಿಗೋ ಕಬ್ಬಿಣದ ತೊಲೆಗೋ ಭದ್ರವಾಗಿ ಬಿಗಿದ ಬಳೆ, ಅಥವಾ ಎರಡು ತುದಿಗೆ ಬಿಗಿದು ಎಳೆದ ಉಕ್ಕಿನ ಹಗ್ಗ ಬೇಕು. ಅದೂ ಸಾಧ್ಯವಿದ್ದಷ್ಟು ತಲೆಯ ಮೇಲಿರಬೇಕು.

ಏಕೆಂದರೆ ಇಲ್ಲಿಯೂ ಒಂದು ಲೆಕ್ಕವಿದೆ. ಬೆಲ್ಟಿನ ಹಗ್ಗ ೨ ಮೀಟರ್ ಇದೆಯೆನ್ನೋಣ. ಜಗ್ಗನ್ನು ತಗ್ಗಿಸಲೆಂದು ಹಗ್ಗದಲ್ಲಿ ಮಡಿಸಿಟ್ಟ ಪಟ್ಟಿ ಬಿಚ್ಚಿಕೊಂಡರೆ ಇನ್ನು ೧.೭೫ ಮೀಟರ್‌ವರೆಗೆ ಹೋಗಬಹುದು. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಒಂದೂವರೆ ಮೀಟರ್. ನೆಲಕ್ಕೂ ಪಾದಕ್ಕೂ ನಡುವೆ ಒಂದು ಮೀಟರ್ ಬಿಡುವು ಬೇಡವೇ? ಒಟ್ಟು ಕೊಂಡಿ ಹಾಕಿದ ಜಾಗದಿಂದ ಕೆಳಕ್ಕೆ ೬.೨೫ ಮೀಟರ್ ಖಾಲಿ ಇರಬೇಕು. ಐದು ಮೀಟರಿನ ಶೆಡ್ಡಿನ ಮೇಲೆ ಕಾಲ ಬುಡದಲ್ಲಿ ಕೊಂಡಿ ಹಾಕಿಕೊಂಡವನಿಗೆ ಬೆಲ್ಟು ಇದ್ದರೂ ನೆಲ ತಪ್ಪದು. ಅಂಥಲ್ಲಿ ಅಂಚಿಗೆ ತಲುಪಲಾರದಷ್ಟು ಗಿಡ್ಡ ಹಗ್ಗ ಕಟ್ಟಿ, ಬೀಳುವ ಸಂದರ್ಭವೇ ಬರದಂತೆ ನೋಡಿಕೊಳ್ಳುವುದು ಜಾಣತನ; ಗೂಟಕ್ಕೆ ಕಟ್ಟಿದ ಎಮ್ಮೆ ಹೊಲಕ್ಕೆ ಬಾಯಿ ಹಾಕಲಾರದಂತೆ.

ಏಣಿ, ಗಾಳಿ, ಬಿಸಿಲು

ಹತ್ತುವ ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಹೊರಕ್ಕೆ ಸರಿಸಿ ನಿಲ್ಲಿಸಬೇಕು. ಅದರ ತುದಿ ಛಾವಣಿಯ ಅಂಚಿಗಿಂತ ಒಂದು ಮೀಟರ್ ಮೇಲಕ್ಕೆ ಚಾಚಿರಬೇಕು, ಹಿಡಿದು ದಾಟಲು. ತುದಿಯನ್ನು ಕಟ್ಟಿರಬೇಕು, ಕಟ್ಟುವವರೆಗೆ ಕೆಳಗೊಬ್ಬನು ಹಿಡಿದಿರಬೇಕು. ಹತ್ತುವವನ ಎರಡು ಕೈಯೂ ಖಾಲಿ ಇರಬೇಕು. ಸಾಮಾನು ಹಗ್ಗದಲ್ಲಿ ಹಿಂದಿನಿಂದ ಬರಲಿ.

ನಮ್ಮ ಕಡೆ ಮುಂಗಾರು ಜೂನ್ ಎರಡನೆಯ ವಾರಕ್ಕೆ ಬರುವುದು ವಾಡಿಕೆ. ಹೀಗಾಗಿ ಸೋರುವ ಶೆಡ್ಡು ರಿಪೇರಿ, ಹೌಸಿಂಗ್ ಸೊಸೈಟಿಗಳ ಗಚ್ಚಿಯ ಮೇಲೆ ಪತ್ರಾ ಹೊದಿಸುವುದು, ಎಲ್ಲವೂ ಮೇ ತಿಂಗಳಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಮೇ ತಿಂಗಳ ಮಧ್ಯಾಹ್ನ ಪತ್ರಾ ಮುಟ್ಟಿದರೆ ಕೈ ಸುಡುತ್ತದೆ. ತಲೆ ಸುತ್ತುವುದು, ಕಣ್ಣು ಕತ್ತಲೆ ಬರುವುದು ಆಗಲೇ. ಬೆಳಿಗ್ಗೆ ಬೇಗ ಶುರುಮಾಡಿ, ನಡುಹಗಲು ಇಳಿದು, ಮತ್ತೆ ಬಿಸಿಲು ತಗ್ಗಿದ ಮೇಲೆ ಹತ್ತುವುದರಿಂದ ಕೆಲಸವೇನೂ ಕಡಿಮೆಯಾಗದು. ಖಾಡಿಯ ಕಡೆಯಿಂದ ಗಾಳಿ ಎದ್ದಾಗ ಉದ್ದನೆಯ ಪತ್ರಾ ಹಿಡಿದವನು ಹಾಯಿ ಹಿಡಿದ ದೋಣಿಯಂತೆ. ಗಾಳಿ ಎಳೆದತ್ತ ಹೋಗುತ್ತಾನೆ. ಗಾಳಿ ಜೋರಾದರೆ, ಮೊದಲ ಮಳೆ ಬಿದ್ದು ಪಾಚಿ ನೆನೆದರೆ, ಆ ದಿನದ ಮೇಲಿನ ಕೆಲಸ ನಿಲ್ಲಿಸತಕ್ಕದ್ದು.

ಕಾಯಿದೆ ಏನು ಹೇಳುತ್ತದೆ

೧೯೪೮ರ ಕಾರ್ಖಾನೆ ಕಾಯಿದೆಯೇ, ಬೀಳುವ ಸಂಭವವಿರುವ ಎತ್ತರದಲ್ಲಿ ಕೆಲಸ ಮಾಡಿಸುವಾಗ ಬೇಲಿಯಿಂದಲೋ ಇನ್ನೊಂದು ವಿಧದಿಂದಲೋ ರಕ್ಷಣೆ ಒದಗಿಸಬೇಕೆಂದು ತನ್ನ ೩೨ನೆಯ ಕಲಮಿನಲ್ಲಿ ಹೇಳಿತ್ತು. ಕಟ್ಟಡ ಕಾರ್ಮಿಕರಿಗೆಂದೇ ೧೯೯೬ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ೧೯೯೮ರ ಕೇಂದ್ರ ನಿಯಮಗಳಲ್ಲಿ ಇಳಿಜಾರು ಛಾವಣಿಯ ಕೆಲಸಕ್ಕೂ, ಮೇಲೆ ಹೇಳಿದ ಹಾಸುಹಲಗೆಗಳಿಗೂ ಬೇರೆಯೇ ಅಧ್ಯಾಯವಿತ್ತು. ಈ ಹಳೆಯ ಕಾಯಿದೆಗಳನ್ನು ಒಂದುಗೂಡಿಸಿ ಸಂಸತ್ತು ೨೦೨೦ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಅಂಗೀಕರಿಸಿತು. ಅದು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕೆಲಸಗಳಿಗೆ ಇದು ಅನ್ವಯಿಸುತ್ತದೆ.

ಅದರಲ್ಲಿ ನಾವು ನೆನಪಿಡಬೇಕಾದ ಅಂಶಗಳು ಮೂರು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು. ಸುರಕ್ಷತೆಗಾಗಿ ಒದಗಿಸಿದ ಯಾವ ವಸ್ತುವಿನ ಹಣವನ್ನೂ ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಎಂದರೆ ಬೆಲ್ಟಿನ ದುಡ್ಡನ್ನು ಪಗಾರದಲ್ಲಿ ಮುರಿದುಕೊಳ್ಳುವಂತಿಲ್ಲ. ಪ್ರಾಣಕ್ಕೆ ಅಥವಾ ಮೈಗೆ ಕೂಡಲೇ ಅಪಾಯವಿದೆಯೆಂದು ಕೆಲಸಗಾರನಿಗೆ ತಕ್ಕ ಕಾರಣದಿಂದ ಅನಿಸಿದರೆ ಅದನ್ನು ಮಾಲೀಕನಿಗೂ ತಪಾಸಣಾಧಿಕಾರಿಗೂ ತಿಳಿಸುವ ಹಕ್ಕು ಅವನಿಗಿದೆ, ತಿಳಿಸಿದೊಡನೆ ಸರಿಪಡಿಸುವ ಹೊಣೆ ಮಾಲೀಕನದು.

ಅಪಘಾತದ ಪರಿಹಾರ ೧೯೨೩ರ ಕಾಯಿದೆಯಿಂದಲೂ ಇದ್ದದ್ದು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಸಂಬಳ ಮತ್ತು ವಯಸ್ಸನ್ನು ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ಕಂತ್ರಾಟುದಾರನ ಆಳೆಂಬ ನೆಪದಿಂದ ಮೂಲ ಮಾಲೀಕನು ಜಾರಿಕೊಳ್ಳುವಂತಿಲ್ಲ. ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು: ಕೊಟ್ಟ ರಕ್ಷಣೆಯನ್ನು ಬೇಕೆಂದೇ ತೆಗೆದುಹಾಕಿ ಅಥವಾ ಕುಡಿದು ಬಿದ್ದು ಗಾಯವಾದರೆ, ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯವಲ್ಲದ ಪ್ರಸಂಗಗಳಲ್ಲಿ ಪರಿಹಾರ ತಪ್ಪಿಹೋಗಬಹುದು.

ಇದಲ್ಲದೆ, ೧೮ರಿಂದ ೬೦ ವಯಸ್ಸಿನೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಮಹಾರಾಷ್ಟ್ರದಲ್ಲಿ ದುಡಿಯುವವರು ಇಲ್ಲಿಯ ಮಂಡಳಿಯಲ್ಲಿ ಬರೆಸಬೇಕು. ಊರಿನಲ್ಲಿ ಮಾಡಿಸಿದ ಕಾರ್ಡು ಇಲ್ಲಿ ನಡೆಯುವುದೆಂದು ಸುಮ್ಮನಿರಬಾರದು.

ಗುಮಾಸ್ತರ ಪಾಲು

ನಾವು ಗಿರಣಿಯಲ್ಲಿ ಲೇಖನಿ ಹಿಡಿದವರು, ಪತ್ರಾ ಹತ್ತುವವರಲ್ಲ. ಹಾಗಿದ್ದರೂ ಛಾವಣಿಯ ಮೇಲಿನವನ ಪ್ರಾಣದ ಒಂದು ಅಂಶ ನಮ್ಮ ಮೇಜಿನ ಮೇಲೆಯೇ ಇರುತ್ತದೆ.

ನಮ್ಮ ವಾಚನಾಲಯಕ್ಕೆ ಬರುತ್ತಿದ್ದ ತರುಣನೊಬ್ಬನು ಸಣ್ಣ ಕಾರ್ಖಾನೆಯೊಂದರ ಶೆಡ್ಡಿನ ಮೇಲಿಂದ ಬೆಳಕಿನ ಷೀಟು ಒಡೆದು ಬಿದ್ದನು. ಪ್ರಾಣ ಉಳಿಯಿತು, ತೊಡೆಯ ಮೂಳೆ ಮುರಿಯಿತು. ಅವನು ಅಂದು ಬೇರೊಬ್ಬನ ಬದಲಿಗೆ ಬಂದವನು. "ಎರಡು ಬೋಲ್ಟು ಬಿಗಿದು ಬಾ, ಐದು ನಿಮಿಷದ ಕೆಲಸ" ಎಂದು ಮುಕಾದಮನು ಹತ್ತಿಸಿದ್ದನು. ಹಾಜರಿ ಪಟ್ಟಿಯಲ್ಲಿ ಇದ್ದದ್ದು ಆ ಬೇರೊಬ್ಬನ ಹೆಸರು. ಪರಿಹಾರ ಕೇಳಲು ಹೋದಾಗ, ನೀನು ಆ ದಿನ ಅಲ್ಲಿದ್ದೆ ಎಂಬುದಕ್ಕೆ ಕಾಗದವೆಲ್ಲಿ ಎಂದರು. ಐದು ನಿಮಿಷದ ಕೆಲಸ, ಐದು ತಿಂಗಳ ಮಂಚ. ಊರಿನಲ್ಲಿ ಅವನ ಮನಿಯಾರ್ಡರಿನ ದಾರಿ ನೋಡುವ ತಾಯಿ.

ಈ ಒಂದು ಪ್ರಸಂಗದಿಂದ ಗುಮಾಸ್ತ ಬಂಧುಗಳು ತಿಳಿಯಬೇಕಾದದ್ದು ಬಹಳವಿದೆ. ಬದಲಿಯವನ ಹೆಸರನ್ನು ಅಂದೇ, ಅವನು ಗೇಟು ದಾಟುವಾಗಲೇ ಬರೆಯಿರಿ. ಸಾಮಾನಿನ ಪಟ್ಟಿ ತಯಾರಿಸುವಾಗ ಪತ್ರಾ, ಬೋಲ್ಟು, ವಾಷರುಗಳ ಜತೆಗೆ ಹಾಸುಹಲಗೆ, ಕಟಾಂಜನದ ಪೈಪು, ಉಕ್ಕಿನ ಹಗ್ಗಗಳನ್ನೂ ಬರೆಯಿರಿ. ಪಟ್ಟಿಯಲ್ಲಿ ಇಲ್ಲದ ವಸ್ತು ಸೈಟಿಗೆ ಬರುವುದಿಲ್ಲ. ಬೆಲ್ಟುಗಳಿಗೆ ನಂಬರು ಹಾಕಿ, ಯಾವಾಗ ಕೊಂಡದ್ದು, ಯಾರಿಗೆ ಕೊಟ್ಟದ್ದು, ಯಾವಾಗ ತಪಾಸಣೆಯಾದದ್ದು ಎಂದು ಒಂದು ಪುಟದಲ್ಲಿ ಬರೆದಿಡಿ. ಬೀಳಲಿದ್ದವನು ಬೀಳದೆ ಉಳಿದ ಸಂಗತಿ ಕಿವಿಗೆ ಬಿದ್ದರೆ ಅದನ್ನೂ ಬರೆಯಿರಿ. ಇಂದು ಪಾರಾದ ಜಾಗದಲ್ಲಿಯೇ ನಾಳೆ ಇನ್ನೊಬ್ಬನು ಬೀಳುವುದು. ಇದಾವುದಕ್ಕೂ ಸಾಹೇಬರ ಅಪ್ಪಣೆ ಬೇಕಾಗಿಲ್ಲ. ಒಂದು ಗೆರೆ ಹೆಚ್ಚು ಬರೆಯುವ ಮನಸ್ಸು ಬೇಕು.

ಬಿದ್ದವನನ್ನು ಏನು ಮಾಡಬೇಕು

ಎಲ್ಲ ಮಾಡಿಯೂ ಒಬ್ಬನು ಬಿದ್ದರೆ, ಅವನನ್ನು ಥಟ್ಟನೆ ಎತ್ತಿ ರಿಕ್ಷಾದಲ್ಲಿ ಮಡಿಸಿ ಕೂರಿಸಬಾರದು. ಬೆನ್ನುಮೂಳೆ ಅಥವಾ ಕತ್ತು ಮುರಿದಿದ್ದರೆ, ಎತ್ತುವಾಗ ಒಳಗಿನ ನರ ಕತ್ತರಿಸಿ ಜೀವಮಾನವಿಡೀ ಕಾಲು ಬಾರದಂತಾಗಬಹುದು. ಮೇಲಿನಿಂದ ಇನ್ನೂ ಏನಾದರೂ ಬೀಳುವ ಭಯವಿಲ್ಲದಿದ್ದರೆ ಇದ್ದಲ್ಲಿಯೇ ಇರಲಿ. ಒಬ್ಬನು ತಲೆಯನ್ನು ಎರಡು ಕೈಯಿಂದ ಅಲುಗದಂತೆ ಹಿಡಿದಿರಲಿ, ಇನ್ನೊಬ್ಬನು ೧೦೮ಕ್ಕೆ ಫೋನು ಮಾಡಲಿ, ಮೂರನೆಯವನು ಆಂಬುಲೆನ್ಸಿಗೆ ದಾರಿ ತೋರಲು ಗೇಟಿನಲ್ಲಿ ನಿಲ್ಲಲಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ನೀರು, ಚಹಾ ಕುಡಿಸಬಾರದು. ಬೆಲ್ಟಿನಲ್ಲಿ ತೂಗಾಡುತ್ತಿರುವವನು ಬದುಕಿದನೆಂದು ನಿಶ್ಚಿಂತರಾಗಿ ನಿಲ್ಲಬಾರದು. ಅಲುಗಾಡದೆ ತೂಗಿದರೆ ಕಾಲಿನಲ್ಲಿ ರಕ್ತ ನಿಂತು ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಅವನನ್ನು ಇಳಿಸುವ ಬಗೆ ಏನೆಂಬುದನ್ನು ಕೂಡ ಹತ್ತುವ ಮುನ್ನವೇ ಗೊತ್ತುಮಾಡಿರಬೇಕು.

ಏಣಿಯ ಬುಡದಲ್ಲಿ ಐದು ಪ್ರಶ್ನೆ

ಇಷ್ಟನ್ನೆಲ್ಲ ನೆನಪಿಡುವುದು ಹೇಗೆಂದರೆ, ಮೊದಲ ಮೆಟ್ಟಿಲ ಮೇಲೆ ಕಾಲಿಡುವ ಮುನ್ನ ಐದು ಪ್ರಶ್ನೆ ಕೇಳಿಕೊಂಡರೆ ಸಾಕು. ಅಂಚಿಗೆ ಕಟಾಂಜನ ಇದೆಯೇ? ಕಿಂಡಿಗಳು ಎಲ್ಲಿವೆ, ಮುಚ್ಚಿವೆಯೇ? ಪತ್ರಾದ ಮೇಲೆ ಹಲಗೆ ಹಾಸಿದೆಯೇ? ಕೊಂಡಿ ಎಲ್ಲಿ ಹಾಕುವುದು? ಇಳಿಯುವುದು ಹೇಗೆ? ಒಂದಕ್ಕೆ ಉತ್ತರ ಸಿಗದಿದ್ದರೂ ಕಾಲು ನೆಲದ ಮೇಲೆಯೇ ಇರಲಿ.

ದಿನಗೂಲಿಯವನಿಗೆ ಇದು ಹೇಳಿದಷ್ಟು ಸುಲಭವಲ್ಲವೆಂದು ನಾವು ಬಲ್ಲೆವು. "ನಿನಗೆ ಆಗದಿದ್ದರೆ ನಾಕಾದಲ್ಲಿ ಬೇರೆಯವರಿದ್ದಾರೆ" ಎಂಬ ಮಾತು ಮುಕಾದಮನ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಒಬ್ಬನೇ ಕೇಳಿದರೆ ಅವನು ಹೇಡಿಯೆನಿಸಿಕೊಳ್ಳುತ್ತಾನೆ. ನಾಲ್ವರು ಕೂಡಿ ಕೇಳಿದರೆ ಅದು ಪದ್ಧತಿಯಾಗುತ್ತದೆ. ಆದುದರಿಂದ ಒಂದೇ ತಂಡದಲ್ಲಿ ಹೋಗುವ ನಮ್ಮವರು ಮೊದಲೇ ಮಾತಾಡಿಕೊಂಡು, ಒಬ್ಬನು ಕೇಳಿದಾಗ ಉಳಿದವರು ಹಿಂದೆ ನಿಲ್ಲಬೇಕು. ಜಗಳದ ಮಾತೂ ಬೇಡ. "ಸಾಹೇಬ್, ಬೆಲ್ಟ್ ಕಹಾಂ ಬಾಂಧೂಂ?" ಎಂದು ಸಮಾಧಾನವಾಗಿ ಕೇಳಿದರೆ ಸಾಕು. ಉತ್ತರ ಕೊಡಬೇಕಾದರೆ ಅವರು ಒಮ್ಮೆ ಮೇಲೆ ನೋಡಲೇಬೇಕಾಗುತ್ತದೆ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಲೆಯ ವಿಷಯದಲ್ಲಿ ಹಾಗಾದರೆ ಸೌದೆ ಹಾಳು. ಛಾವಣಿಯ ವಿಷಯದಲ್ಲಿ ಬುದ್ಧಿ ತಡವಾಗಿ ಬಂದರೆ ಅದನ್ನು ಬಳಸಲು ಮನುಷ್ಯನೇ ಇರುವುದಿಲ್ಲ. ಓದುಬಾರದ ಸಂಗಾತಿಗಳಿಗೆ ಈ ಪುಟವನ್ನು ದಯವಿಟ್ಟು ಓದಿ ಹೇಳಿರಿ. ನೋಂದಣಿಯ ಅರ್ಜಿ ತುಂಬಲು, ಪರಿಹಾರದ ಕಾಗದ ಬರೆಯಲು ನೆರವು ಬೇಕಾದವರು ವಾಚನಾಲಯ ತೆರೆದಿರುವ ಹೊತ್ತಿನಲ್ಲಿ ಸಂಕೋಚವಿಲ್ಲದೆ ಬರಬಹುದು, ಬರೆದುಕೊಡಲು ನಾವಿದ್ದೇವೆ.